ಬಗ್ಗಿಸಿ ನೋಡಿದ ಬೆಸುಗೆ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಅಷ್ಟರಲ್ಲಿ ನೀವೆಲ್ಲ ನಮ್ಮ ವೆಲ್ಡರ್ ಅಣ್ಣನನ್ನು ಬೈದು ಮುಗಿಸಿರುತ್ತೀರಿ. ಅವರನ್ನು ಬೈಯಬೇಡಿ.

ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ನಮ್ಮದೊಂದು ಸಣ್ಣ ಶೆಡ್ಡು. ಕಾರ್ಖಾನೆಗಳ ಕರೆಂಟಿನ ಫರ್ನೇಸುಗಳಿಗೆ ಹೀಟರ್ ಕಾಯಿಲ್ ಮಾಡಿಕೊಡುವುದು ಕೆಲಸ. ಹಳೇ ಕಾಲದ ಕರೆಂಟ್ ಒಲೆಯಲ್ಲಿ ಕೆಂಪಗಾಗುತ್ತಿದ್ದ ಸುರುಳಿ ನೆನಪಿದೆಯಾ? ಅದರ ಅಜ್ಜನ ಅಜ್ಜ ಅಂದುಕೊಳ್ಳಿ. ಪೆನ್ಸಿಲ್ ದಪ್ಪದ ತಂತಿಯನ್ನು ಸುರುಳಿ ಸುತ್ತಿ, ಅದರ ಎರಡು ತುದಿಗೂ ಹೆಬ್ಬೆರಳು ದಪ್ಪದ ಕಂಬಿಯನ್ನು ಬೆಸೆಯುತ್ತೇವೆ. ಆ ಕಂಬಿ ಫರ್ನೇಸಿನ ಗೋಡೆ ದಾಟಿ ಹೊರಗೆ ಬಂದು ಕರೆಂಟು ತೆಗೆದುಕೊಳ್ಳುತ್ತದೆ. ಸುತ್ತಿಸುವುದು, ಅಳೆಯುವುದು, ಗಿರಾಕಿಗಳ ಹತ್ತಿರ ಜಗಳ ಆಡುವುದು ನಾನು. ಬೆಸೆಯುವುದು ಅಣ್ಣ.

ಅಣ್ಣನ ಮನೆಮಾತು ಕನ್ನಡ. ಅವರ ಹಿರಿಯರು ಮೈಸೂರು ಕಡೆಯಿಂದ ಯಾವ ಕಾಲದಲ್ಲಿ ಇಳಿದು ಬಂದರೋ ಅವರಿಗೇ ಗೊತ್ತಿಲ್ಲ. ಓದುವುದು ತಮಿಳು ಮಾತ್ರ. ನಾನು ಹರಿಹರದವಳು, ಮದುವೆಯಾಗಿ ಇಲ್ಲಿಗೆ ಬಂದವಳು. ನಾವಿಬ್ಬರೂ ಮಾತಾಡುತ್ತಿದ್ದರೆ ಪಕ್ಕದ ಲೇತ್‌ನವನು ಇವರದು ಎರಡು ಬೇರೆ ಭಾಷೆ ಅಂದುಕೊಂಡಿದ್ದ.

ಈ ಅಣ್ಣನಿಗೆ ಒಂದು ಅಭ್ಯಾಸ. ಬೆಸೆದ ತಕ್ಷಣ ಜೋಡಣೆಗೆ ಒದ್ದೆ ಬನಿಯನ್ ವೇಸ್ಟು ಸುತ್ತುತ್ತಾರೆ. ತಿರುಪ್ಪೂರಿನ ಬನಿಯನ್ ಕಂಪನಿಗಳಿಂದ ಬರುವ ಚಿಂದಿ ಅದು, ನಮ್ಮ ಕಡೆ ಯಾವ ಶೆಡ್ಡಿನಲ್ಲಾದರೂ ಮೂಟೆ ಇರುತ್ತದೆ. ಚುಸ್ಸ್ ಎಂದು ಹೊಗೆ ಎದ್ದು ಕೈಗೆ ತಣ್ಣಗಾದ ಮೇಲೆ, ಕಂಬಿಯನ್ನು ವೈಸಿಗೆ ಕಚ್ಚಿಸಿ ತಂತಿಯನ್ನು ಎಡಕ್ಕೊಂದು ಸಲ, ಬಲಕ್ಕೊಂದು ಸಲ ಬಗ್ಗಿಸಿ ನೋಡುತ್ತಾರೆ. ಬಗ್ಗಿಸದೆ ಒಂದು ಜೋಡಣೆಯೂ ಶೆಡ್ಡು ದಾಟಿದ್ದಿಲ್ಲ. "ಬಗ್ಸಿ ನೋಡ್ದೆ ಕಳ್ಸಿದ್ರೆ ಅದೊಂದು ವೇಲೆಯಾ ಅಮ್ಮಣಿ?" ಎನ್ನುತ್ತಿದ್ದರು. ವೇಲೆ ಅಂದರೆ ಕೆಲಸ, ಅಮ್ಮಣಿ ಅಂದರೆ ನಾನು. ಗಿರಾಕಿಗಳಿಗೆ ನಾನೇ ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ನಾವು ಯಾವಾಗಲೂ ಬಳಸುತ್ತಿದ್ದ ನೈಕ್ರೋಮ್ ತಂತಿಗೆ ಆ ಪರೀಕ್ಷೆ ಸರಿಯೇ. ಅದರಲ್ಲಿ ನಿಕ್ಕಲ್ ಇದೆ, ಎಷ್ಟು ಸುಟ್ಟರೂ ಬಗ್ಗುವ ಗುಣ ಬಿಡುವುದಿಲ್ಲ. ಆದರೆ ಅವಿನಾಶಿ ಹತ್ತಿರ ಉಕ್ಕಿನ ಸಾಮಾನು ಕಾಯಿಸಿ ಹದ ಮಾಡುವ ಒಂದು ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನ ಮಾಲೀಕರಿಗೆ ಇನ್ನೂ ಹೆಚ್ಚಿನ ಬಿಸಿ ಬೇಕಾಯಿತು. ಅದಕ್ಕೆ ಈ ಸಲ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ತಂತಿ ತರಿಸಿದೆವು. ಇದರ ಸ್ವಭಾವವೇ ಬೇರೆ. ಬೆಸುಗೆಯ ಶಾಖ ತಾಗಿದ ಕಡೆ ಒಳಗಿನ ಕಣಗಳು ಬೆಳೆದುಬಿಡುತ್ತವೆ. ಚಿರೋಟಿ ರವೆಯಂತೆ ಇದ್ದದ್ದು ಕಲ್ಲುಸಕ್ಕರೆಯಂತೆ ಆಗುತ್ತದೆ. ಉಕ್ಕಾದರೆ ಮತ್ತೆ ಕಾಯಿಸಿ ಕಣ ಸಣ್ಣದು ಮಾಡಬಹುದು. ಇದರಲ್ಲಿ ಆ ದಾರಿಯೇ ಇಲ್ಲ, ಬೆಳೆದದ್ದು ಬೆಳೆದಂತೆಯೇ. ಕೆಂಪಗೆ ಕಾದಿರುವಾಗ ಮೇಣದ ಹಾಗೆ ಬಾಗುತ್ತದೆ, ತಣ್ಣಗಾಯಿತೋ ಬಳಪ.

ತಂತಿಯ ಜೊತೆ ಬಂದ ಕಾಗದದಲ್ಲಿ ಇದೆಲ್ಲ ಇತ್ತು. ಬೆಸೆಯುವ ಮೊದಲು ಬಿಸಿ ಮಾಡಿ, ಬೆಸೆದ ಕೂಡಲೇ ಫರ್ನೇಸಿಗೆ ಹಾಕಿ ನಿಧಾನ ತಣಿಸಿ, ತಣ್ಣಗಿರುವಾಗ ಬಗ್ಗಿಸಬೇಡಿ ಎಂದು. ಇಂಗ್ಲಿಷಿನಲ್ಲಿತ್ತು. ಓದಿದವಳು ನಾನು. ಓದಿ, ಮಡಚಿ, ಫೈಲಿಗೆ ಸೇರಿಸಿ, ಅಣ್ಣನಿಗೆ ಹೇಳಿದ್ದು ಒಂದೇ ಮಾತು: "ಅಣ್ಣ, ಆರ್ಗಾನ್ ಗ್ಯಾಸು ಸ್ವಲ್ಪ ಜಾಸ್ತಿ ಬಿಡಿ." ಯಾಕೆ ಹಾಗೆ ಮಾಡಿದೆ? ಸೋಮಾರಿತನ. ಇಷ್ಟು ವರ್ಷ ನಡೆದದ್ದು ನಡೆಯುತ್ತದೆ ಎಂಬ ಕೊಬ್ಬು. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಹನ್ನೆರಡು ಕಾಯಿಲ್, ಇಪ್ಪತ್ತನಾಲ್ಕು ಜೋಡಣೆ. ಎಲ್ಲಕ್ಕೂ ಒದ್ದೆ ಚಿಂದಿ, ಎಡಕ್ಕೊಂದು, ಬಲಕ್ಕೊಂದು. ನಾವೇ ಹೋಗಿ ಕೂಡಿಸಿ ಬಂದೆವು. ಫರ್ನೇಸು ಹಗಲೂ ರಾತ್ರಿ ಓಡಿತು. ಒಂದೂವರೆ ತಿಂಗಳು ಒಂದು ದೂರಿಲ್ಲ.

ಆಯುಧ ಪೂಜೆಯ ಹಿಂದಿನ ದಿನ ಮಧ್ಯಾಹ್ನ ಶೆಡ್ಡು ತೊಳೆಯುತ್ತಿದ್ದೆವು. ಅವಿನಾಶಿಯವರಿಗೆಂದು ಮಾಡಿದ್ದ ಒಂದು ಹೆಚ್ಚುವರಿ ಕಾಯಿಲ್ ಅಟ್ಟದ ಮೇಲಿತ್ತು. ಅದನ್ನು ಮೇಜಿಗೆ ಇಳಿಸಿದೆ, ಅದು ಉರುಳಿ ನೆಲಕ್ಕೆ ಬಿತ್ತು. ಸೊಂಟದೆತ್ತರದಿಂದ, ಅಷ್ಟೇ. ಟಕ್ ಎಂದು ಕಂಬಿ ಬೇರೆಯಾಗಿ ನನ್ನ ಕಾಲ ಹತ್ತಿರ ಬಂತು.

ಅಣ್ಣ ಪೊರಕೆ ಬಿಟ್ಟು ಬಂದರು. "ಯೇನಿದು, ಪಿಂಗಾಣಿ ತಟ್ಟೆ ಹಂಗೆ ಹೋಯ್ತು?"

ಮುರಿದ ಮುಖವನ್ನು ಬೆಳಕಿಗೆ ಹಿಡಿದೆ. ಹೊಸದಾಗಿ ಮುರಿದ ಭಾಗ ಕಲ್ಲುಸಕ್ಕರೆ ಹರಳಿನಂತೆ ಮಿರಮಿರ ಮಿಂಚುತ್ತಿತ್ತು. ಅಂಚಿನಲ್ಲಿ ಮಾತ್ರ ಬಿದಿಗೆ ಚಂದ್ರನಂತೆ ಒಂದು ತುಣುಕು ಮಂಕಾಗಿ, ನೀರು ಕುಡಿದ ಕಲೆಯಂತೆ ಇತ್ತು. ಅದು ಇವತ್ತಿನದಲ್ಲ. ಅಲ್ಲಿ ಮೊದಲೇ ಬಿರುಕಿತ್ತು.

ಫೈಲಿನಿಂದ ಕಾಗದ ತೆಗೆದು ಮತ್ತೆ ಓದಿದೆ. ಅಣ್ಣನಿಗೆ ಎರಡು ಚೂರು ಬೆಸೆಯಲು ಹೇಳಿದೆ. ಒಂದನ್ನು ಅವರ ರೀತಿಯಲ್ಲೇ ಒದ್ದೆ ಚಿಂದಿ ಸುತ್ತಿ ಬಗ್ಗಿಸಿದರು. ಇನ್ನೊಂದನ್ನು ಮೊದಲೇ ಬಿಸಿ ಮಾಡಿ ಬೆಸೆದು, ಬೂದಿಯಲ್ಲಿ ಹೂತು ತಣಿಸಿ, ಮುಟ್ಟದೆ ಬಿಟ್ಟೆವು. ಎರಡಕ್ಕೂ ಬಿರುಕು ತೋರಿಸುವ ಕೆಂಪು ಬಣ್ಣ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿ ಕಾದೆವು. ಬೂದಿಯಲ್ಲಿದ್ದದ್ದು ಬಿಳಿಯಾಗೇ ಉಳಿಯಿತು. ಬಗ್ಗಿಸಿದ್ದರ ಮೇಲೆ ನಿಧಾನವಾಗಿ ಒಂದು ಕೆಂಪು ಗೆರೆ ಮೂಡಿತು, ಕೂದಲೆಳೆಯಷ್ಟು.

ಅಣ್ಣ ಆ ಗೆರೆಯ ಹತ್ತಿರ ಬಗ್ಗಿದರು. "ಅಂದ್ರೆ ನಾನು ಶರಿಯಾಗಿದೆಯಾ ಅಂತ ನೋಡ್ದಾಗ್ಲೇ ಒಡ್ದಿದ್ದಾ?"

ನಾನು ತಲೆಯಾಡಿಸಿದೆ.

"ಇಪ್ಪತ್ನಾಲ್ಕೂವಾ?"

ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಫರ್ನೇಸು ಕಾದಿರುವವರೆಗೂ ಆ ಜೋಡಣೆಗಳು ಮೆತ್ತಗಿದ್ದು ಹೇಗೋ ಹಿಡಿದುಕೊಂಡಿರುತ್ತವೆ. ಅದು ತಣ್ಣಗಾಗಬಾರದು, ತಣ್ಣಗಾದ ಮೇಲೆ ಯಾರೂ ಮುಟ್ಟಬಾರದು. ಮತ್ತೆ ನಮ್ಮ ಕಡೆ ವರ್ಷವಿಡೀ ಓಡುವ ಯಂತ್ರವೂ ತಣ್ಣಗಾಗುವ, ಎಲ್ಲರೂ ಮುಟ್ಟಿ ಉಜ್ಜಿ ತೊಳೆಯುವ ಒಂದೇ ಒಂದು ದಿನ ಯಾವುದು ಹೇಳಿ?

ಮಾಲೀಕರಿಗೆ ಫೋನ್ ಮಾಡಿದೆ. ತಮಿಳಿನಲ್ಲಿ ಆಡಿದ ಮಾತು, ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಸಾರ್, ಫರ್ನೇಸು ಆಫ್ ಮಾಡಿದ್ದೀರಾ?"

"ನಿನ್ನೇನೇ ಮೇಡಂ! ಒಳಗೆಲ್ಲ ಬ್ರಷ್ ಹಾಕಿ ಕ್ಲೀನ್ ಮಾಡಿಸಿದ್ದೀನಿ. ನಾಳೆ ಹತ್ತೂವರೆಗೆ ಪೂಜೆ. ನೀವು ಬರಲೇಬೇಕು. ಹೊಸ ಕಾಯಿಲ್ ಹಾಕಿದ ಕೈ, ನೀವೇ ಸ್ವಿಚ್ ಹಾಕಬೇಕು."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. "ಬರ್ತೀನಿ ಸಾರ್, ಬಂದಾಗ ಒಂದ್ಸಲ ನೋಡೋಣ" ಎಂದು ಇಟ್ಟೆ. ನಮ್ಮ ಶೆಡ್ಡಿನ ಹೆಸರು ಅವಿನಾಶಿ ರಸ್ತೆಯುದ್ದಕ್ಕೂ ಕೆಡುತ್ತದೆ ಅಂತ ಭಯ. ಮನಸ್ಸಿಗೆ ಸಮಾಧಾನ ಹೇಳಿಕೊಂಡೆ: ಒಂದು ಕಾಯಿಲ್ ಮುರಿದರೆ ಏನು, ಆ ಲೈನು ಕಾಯುವುದಿಲ್ಲ, ಬದಲಿಸಿದರಾಯಿತು. ಮುರಿದ ತುದಿ ಕಬ್ಬಿಣಕ್ಕೆ ತಾಗಿದರೂ ಫರ್ನೇಸಿನ ಮೈಗೆ ಅರ್ತಿಂಗ್ ಇದೆ, ಟ್ರಿಪ್ ಆಗುತ್ತದೆ. ಯಾರಿಗೂ ಏನೂ ಆಗುವುದಿಲ್ಲ.

ಬೆಳಿಗ್ಗೆ ಎಂಟೂವರೆಗೆ ವಾಟ್ಸಾಪಿನಲ್ಲಿ ಮಾಲೀಕರ ಫೋಟೊ ಬಂತು. ಫರ್ನೇಸಿಗೆ ಮಾಲೆ, ಬಾಗಿಲಿಗೆ ಗಂಧ ಕುಂಕುಮ, ಎರಡೂ ಕಡೆ ಬಾಳೆಕಂಬ. ಪಕ್ಕದಲ್ಲಿ ಅದನ್ನು ಓಡಿಸುವ ಪೆರಿಯವರ್ ಕೈಮುಗಿದು ನಿಂತಿದ್ದರು. ಪೆರಿಯವರ್ ಅಂದರೆ ಹಿರಿಯರು, ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುವುದು.

ನಾನು ಫೋಟೊ ದೊಡ್ಡದು ಮಾಡಿದೆ. ಫರ್ನೇಸಿನ ಮೈಗೆಲ್ಲ ಹೊಸ ಸಿಲ್ವರ್ ಪೇಂಟು. ಕೆಳಗೆ ಅರ್ತಿಂಗ್ ಪಟ್ಟಿ ಸೇರುವ ಬೋಲ್ಟಿನ ಸುತ್ತಲೂ ಪೇಂಟು, ಪಟ್ಟಿಯ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಅಂದರೆ ಪಟ್ಟಿ ಬಿಚ್ಚಿ, ಬಣ್ಣ ಬಳಿದು, ಆ ಬಣ್ಣದ ಮೇಲೇ ಮತ್ತೆ ಬಿಗಿದಿದ್ದಾರೆ. ಬಣ್ಣದ ಪೊರೆ ದಾಟಿ ಕರೆಂಟು ಭೂಮಿಗೆ ಹೇಗೆ ಹೋಗಬೇಕು? ಪೆರಿಯವರ ಕಾಲು ನೋಡಿದೆ. ದಿನಾ ಗಮ್‌ಬೂಟು ಹಾಕುವ ಮನುಷ್ಯ, ಪೂಜೆಯೆಂದು ಬರಿಗಾಲು. ನೆಲ ತೊಳೆದು ರಂಗೋಲಿ ಹಾಕಿದ್ದರು, ಇನ್ನೂ ಒದ್ದೆ ಹೊಳೆಯುತ್ತಿತ್ತು.

ನಿಮಗೆ ನಮ್ಮ ಕಡೆಯ ಪದ್ಧತಿ ಗೊತ್ತಿರಲಿಕ್ಕಿಲ್ಲ. ಮಂಗಳಾರತಿ ಆದ ಮೇಲೆ ಸ್ವಿಚ್ ಹಾಕುವ ಹೊತ್ತಿಗೆ ಎಲ್ಲರೂ ಯಂತ್ರದ ಮೈ ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಎಲ್ಲರೂ, ಒಟ್ಟಿಗೆ.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೆಸೇಜ್ ಹಾಕಿದೆ: ಸ್ವಿಚ್ ಹಾಕಬೇಡಿ, ಯಾರೂ ಮುಟ್ಟಬೇಡಿ. ನೋಡಿದ ಗುರುತು ಬರಲಿಲ್ಲ. ಅಣ್ಣ ನಮ್ಮ ವೆಲ್ಡಿಂಗ್ ಮೆಷಿನ್ನಿಗೆ ವಿಭೂತಿ ಇಡುತ್ತಿದ್ದರು. "ಬಿಡಿ ಅಣ್ಣ, ವ್ಯಾನ್ ತೆಗೀರಿ" ಎಂದೆ. ನನ್ನ ಮುಖ ನೋಡಿ ಅವರು ಕೈ ಒರೆಸಿಕೊಂಡು ವ್ಯಾನಿನ ಕಡೆ ಓಡಿದರು.

ಆ ರಸ್ತೆಯಲ್ಲಿ ಆ ದಿನ ಹೋದವರಿಗೇ ಗೊತ್ತು. ಪ್ರತಿ ವರ್ಕ್‌ಶಾಪಿನ ಮುಂದೆ ಬೂದುಗುಂಬಳ ಒಡೆದು ರಸ್ತೆಯೆಲ್ಲ ಕುಂಕುಮದ ಕೆಸರು. ಲಾರಿಗಳು ಬಾಳೆಕಂಬ ಕಟ್ಟಿಕೊಂಡು ಮದುಮಕ್ಕಳಂತೆ ನಿಂತಿದ್ದವು. ಅಣ್ಣ ಓಡಿಸುತ್ತಿದ್ದರು, ನಾನು ಫೋನ್ ಒತ್ತುತ್ತಲೇ ಇದ್ದೆ. ರಿಂಗ್ ಆಗುತ್ತದೆ, ನಿಲ್ಲುತ್ತದೆ.

"ಅಮ್ಮಣಿ, ನಾನ್ ಬಗ್ಸದೇ ಇದ್ದಿದ್ರೆ?"

"ಕಾಗದ ಓದಿದವಳು ನಾನು ಅಣ್ಣ."

"ಚಿಂದಿ ಸುತ್ತಿದ್ದು ನನ್ ಕೈ ಅಲ್ವಾ."

"ಬೇಡ ಅಂತ ಹೇಳದೇ ಇದ್ದದ್ದು ನನ್ನ ಬಾಯಿ."

ಅವಿನಾಶಿಗೆ ಮೊದಲು ಸಿಗುವ ಕರುಮತ್ತಂಪಟ್ಟಿ ದಾಟಿದೆವು. ಅಣ್ಣ ರಸ್ತೆ ನೋಡುತ್ತಲೇ, "ಆ ಪೆರಿಯವರ್ ಇದ್ದಾರಲ್ಲ, ಕಾಯಿಲ್ ಹಾಕಕ್ಕೆ ಹೋದಾಗ ನಂಗೆ ಅವ್ರ ಡಬ್ಬಿ ಊಟ ಕೊಟ್ರು" ಎಂದರು. ನಾನು ಮತ್ತೆ ಫೋನ್ ಒತ್ತಿದೆ.

ನಾವು ಒಳಗೆ ಹೋದಾಗ ಕರ್ಪೂರ ಉರಿಯುತ್ತಿತ್ತು. ಪೊರಿ, ಅಂದರೆ ಮಂಡಕ್ಕಿ, ಕಡಲೆಯ ಪೊಟ್ಟಣಗಳು ಮೇಜಿನ ಮೇಲೆ ಸಾಲಾಗಿದ್ದವು, ಎಲ್ಲರ ಫೋನುಗಳೂ ಅಲ್ಲೇ ತಟ್ಟೆಯ ಪಕ್ಕ ಬಿದ್ದಿದ್ದವು. ಮಾಲೀಕರು ಬಿಳಿ ಪಂಚೆಯಲ್ಲಿ ಖುಷಿಯಾಗಿ ಕೈಬೀಸಿದರು. "ವಾಂಗ ಮೇಡಂ! ನಿಮಗೋಸ್ಕರವೇ ಕಾಯುತ್ತಿದ್ದೇವೆ. ಬನ್ನಿ, ಸ್ವಿಚ್ ಹಾಕಿ."

ಎಂಟು ಜನ ಫರ್ನೇಸಿನ ಸುತ್ತ ನಿಂತಿದ್ದರು, ಎಲ್ಲರೂ ಬರಿಗಾಲಲ್ಲಿ. ಪೆರಿಯವರ್ ಆಗಲೇ ಎರಡೂ ಅಂಗೈಯನ್ನು ಬೆಳ್ಳಿ ಬಣ್ಣದ ಮೇಲೆ ಒತ್ತಿ ಕಣ್ಣು ಮುಚ್ಚಿದ್ದರು.

ಇಷ್ಟು ವರ್ಷ ಮಾತಾಡಿದ ತಮಿಳು ಆ ಕ್ಷಣಕ್ಕೆ ಎಲ್ಲಿ ಹೋಯಿತೋ. "ಕೈ ತೆಗೀರಿ! ಎಲ್ಲಾರೂ ಕೈ ತೆಗೀರಿ!" ಎಂದು ಕನ್ನಡದಲ್ಲಿ ಕಿರುಚಿದೆ. ಎಲ್ಲರೂ ನನ್ನನ್ನೇ ನೋಡಿದರು. ಕೈ ಯಾರೂ ತೆಗೆಯಲಿಲ್ಲ. ಹಿಂದಿನಿಂದ ಅಣ್ಣ ಗುಡುಗಿದರು: "ಕೈಯ ಎಡುಂಗ! ತಳ್ಳಿ ನಿಲ್ಲುಂಗ!" ಕೈ ತೆಗೆದು ದೂರ ನಿಲ್ಲಿ ಎಂದು. ಆಗ ದೂರ ಸರಿದರು.

ಮಾಲೀಕರ ಮುಖ ಕಪ್ಪಾಯಿತು. "ಏನು ಮೇಡಂ, ಒಳ್ಳೆ ಗಳಿಗೆಯಲ್ಲಿ..."

ಹೇಳಿದೆ. ಎಂಟು ಜನರ ಮುಂದೆ, ಕರ್ಪೂರದ ಮುಂದೆ. ನಮ್ಮ ಬೆಸುಗೆಯಲ್ಲಿ ಬಿರುಕಿದೆ, ನನಗೆ ನಿನ್ನೆಯೇ ಗೊತ್ತಿತ್ತು, ಫೋನಿನಲ್ಲಿ ಹೇಳಲು ಹೆದರಿದೆ. ಒಂದು ಸಲ ಪರೀಕ್ಷೆ ಮಾಡದೆ ಸ್ವಿಚ್ ಮುಟ್ಟಲು ಬಿಡುವುದಿಲ್ಲ.

ಮೆಗ್ಗರ್ ತಂದಿದ್ದೆವು. ಕರೆಂಟು ಎಲ್ಲಿ ಸೋರುತ್ತದೆ ಎಂದು ಹೇಳುವ ಮೀಟರು ಅದು, ಮುಳ್ಳು ಏಳದಿದ್ದರೆ ಸೋರಿಕೆ ಇದೆ ಎಂದರ್ಥ. ಮೇನ್ ತೆಗೆಸಿ, ಕಾಯಿಲುಗಳಿಗೆ ಕರೆಂಟು ಹೋಗುವ ಮೂರು ಲೈನುಗಳನ್ನೂ ಬೇರೆ ಮಾಡಿದೆವು. ಮೊದಲ ಲೈನಿಗೂ ಫರ್ನೇಸಿನ ಮೈಗೂ ಮಧ್ಯೆ ಹಿಡಿದೆವು. ಮುಳ್ಳು ಮೇಲಕ್ಕೇರಿ ನಿಂತಿತು. ಚೆನ್ನಾಗಿದೆ. ಎರಡನೆಯದು. ಅದೂ ಚೆನ್ನಾಗಿದೆ. ಮಾಲೀಕರು "ಪಾತ್ತೀಂಗಳಾ?" ಎಂದರು, ನೋಡಿದಿರಾ ಎಂದು. ಯಾರೋ ನಕ್ಕರು. ದೇವರೇ, ಮೂರನೆಯದೂ ಚೆನ್ನಾಗಿರಲಿ, ನಾನು ನಗೆಪಾಟಲಾಗಲಿ ಎಂದು ಬೇಡಿಕೊಂಡೆ.

ಮೂರನೆಯದಕ್ಕೆ ಮುಳ್ಳು ಏಳಲೇ ಇಲ್ಲ. ಸೊನ್ನೆಯ ಮೇಲೆ ಸತ್ತು ಬಿದ್ದಿತ್ತು.

ಬಾಗಿಲು ಎತ್ತಿ ಟಾರ್ಚ್ ಬಿಟ್ಟೆವು. ಕೆಳಗಿನ ಸಾಲಿನ ಒಂದು ಕಾಯಿಲ್ ಜೋಡಣೆಯಲ್ಲೇ ಕಳಚಿ, ಇಳಿದು, ಬಾಗಿಲ ಚೌಕಟ್ಟಿನ ಕಬ್ಬಿಣಕ್ಕೆ ಒರಗಿಕೊಂಡಿತ್ತು. ಹಾಯಾಗಿ, ಗೋಡೆಗೆ ಒರಗಿ ಕೂತವರಂತೆ.

ಪೆರಿಯವರ್ ಬಗ್ಗಿ ನೋಡಿದರು. "ಬ್ರಷ್ ಹಾಕುವಾಗ ಟಕ್ ಅಂತ ಒಂದು ಶಬ್ದ ಬಂತು. ಇಟ್ಟಿಗೆ ಚೂರು ಅಂದುಕೊಂಡೆ" ಎಂದರು.

ಅಣ್ಣ ಇನ್ನೊಂದು ಮೀಟರಿನಲ್ಲಿ ಫರ್ನೇಸಿನ ಮೈಗೂ ಅರ್ತಿಂಗ್ ಪಟ್ಟಿಗೂ ಸಂಪರ್ಕ ನೋಡಿದರು. ಇಲ್ಲ. ಬೋಲ್ಟು ಬಿಚ್ಚಿ ಉಗುರಿನಿಂದ ಕೆರೆದರು, ಬೆಳ್ಳಿ ಹಾಳೆಯಂತೆ ಪೇಂಟು ಎದ್ದು ಬಂತು. ಆ ಪೇಂಟು ಹೊಡೆದದ್ದು ಪೆರಿಯವರೇ. ಯಂತ್ರ ಚೆಂದ ಕಾಣಲಿ ಎಂದು ಪಟ್ಟಿ ಬಿಚ್ಚಿ, ಅದರ ಹಿಂದೆಯೂ ಬಿಡದೆ ಹೊಡೆದಿದ್ದರು. ಅವರೂ ನಮ್ಮ ಹಾಗೇ. ಕೆಲಸ ಸರಿಯಾಗಿ ಮಾಡಬೇಕೆಂದೇ ಹೊರಟವರು.

ಅವರು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು. ತಮ್ಮ ಎರಡು ಅಂಗೈಗಳನ್ನೂ ಮುಂದೆ ಹಿಡಿದು ನೋಡಿಕೊಂಡರು. ಬೆರಳ ತುದಿಗೆ ಸ್ವಲ್ಪ ಬೆಳ್ಳಿ ಬಣ್ಣ ಅಂಟಿತ್ತು. ನಾನು ಈಗಲೂ ಕಣ್ಣು ಮುಚ್ಚಿದರೆ ಕಾಣುವುದು ಆ ಅಂಗೈಗಳೇ, ಮುರಿದ ಕಾಯಿಲ್ ಅಲ್ಲ.

ಹಳೆಯದಕ್ಕೆ ಮತ್ತೆ ಬೆಸೆಯುವ ಹಾಗಿರಲಿಲ್ಲ. ಒಂದೂವರೆ ತಿಂಗಳು ಬೆಂದ ತಂತಿ ಪೂರ್ತಿ ಬಳಪವಾಗಿರುತ್ತದೆ. ಹನ್ನೆರಡನ್ನೂ ಕಳಚಿದೆವು. ಕಳಚುವಾಗಲೇ ಏಳು ಜೋಡಣೆ ಸುಮ್ಮನೆ ಕೈಯಲ್ಲಿ ಬಂದವು. ಪ್ರತಿ ಸಲ ಟಕ್ ಎಂದಾಗ ಅಣ್ಣ ಕಣ್ಣು ಮುಚ್ಚುತ್ತಿದ್ದರು.

ಹೊಸದು ಮಾಡಲು ಹತ್ತು ದಿನ ಹಿಡಿಯಿತು. ಮೊದಲು ಕಂಬಿಗೆ ಗ್ಯಾಸಿನ ಬೆಂಕಿ ಹಿಡಿದು, ಇಷ್ಟು ಬಿಸಿಗೆ ಕರಗುವ ಬಣ್ಣದ ಕಡ್ಡಿ ಎಳೆದು ನೋಡುತ್ತಿದ್ದೆವು. ಕಡ್ಡಿ ಕರಗಿದ ಮೇಲೇ ಬೆಸುಗೆ. ಕಣ ಬೆಳೆಯಲು ಹೊತ್ತು ಸಿಗಬಾರದೆಂದು ಕಡಿಮೆ ಕರೆಂಟು, ಚಿಕ್ಕ ಚಿಕ್ಕ ಎಳೆ. ಅದೇ ಜಾತಿಯ ತಂತಿಯೇ ತುಂಬಲಿಕ್ಕೂ. ಬೆಸುಗೆ ಮುಗಿದದ್ದೇ ತಡ, ಇನ್ನೂ ಬಿಸಿ ಇರುವಾಗಲೇ ಪಕ್ಕದ ಚಿಕ್ಕ ಫರ್ನೇಸಿಗೆ. ಅಲ್ಲಿ ಎಂಟುನೂರೈವತ್ತು ಡಿಗ್ರಿಯಲ್ಲಿ ಇದ್ದು, ಅದರೊಳಗೇ ತಣಿದು, ಮಾರನೆಯ ದಿನ ಹೊರಗೆ. ಇದರಿಂದ ಕಣ ಸಣ್ಣದಾಗುವುದಿಲ್ಲ, ಒಳಗಿನ ಬಿಗಿತ ಸಡಿಲವಾಗುತ್ತದೆ ಅಷ್ಟೇ. ಆಮೇಲೆ ಕೆಂಪು ಬಣ್ಣದ ಪರೀಕ್ಷೆ. ಬಗ್ಗಿಸುವುದು ಇಲ್ಲ.

ಮೊದಲ ಜೋಡಣೆ ಹೊರಬಂದಾಗ ಅಣ್ಣನ ಕೈ ತಾನಾಗಿಯೇ ತಂತಿಯ ಕಡೆ ಹೋಯಿತು. ನಡುದಾರಿಯಲ್ಲಿ ನಿಂತಿತು. "ಕೈ ಕಡೀತದೆ ಅಮ್ಮಣಿ" ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ಆ ಕಾಗದವನ್ನು ಸಾಲು ಸಾಲಾಗಿ ಓದಿ ಹೇಳಿದೆ, ಅವರು ತಮಿಳಿನಲ್ಲಿ ಬರೆದು ವೈಸಿನ ಮೇಲಿನ ಗೋಡೆಗೆ ಅಂಟಿಸಿದರು. ಈ ಕೆಲಸಕ್ಕೆ ಅರ್ಧ ಗಂಟೆ ಸಾಕಾಯಿತು.

ಮತ್ತೆ ಅವಿನಾಶಿಗೆ ಹೋದಾಗ ಮಾಲೆ ಇಲ್ಲ, ಕರ್ಪೂರ ಇಲ್ಲ. ಮಾಲೀಕರು ಬರಲಿಲ್ಲ. ಬೋಲ್ಟಿನ ಕೆಳಗೆ ಬಣ್ಣ ಕೆರೆದು ಹೊಳೆಯುವ ಕಬ್ಬಿಣಕ್ಕೆ ಪಟ್ಟಿ ಬಿಗಿದೆವು. ಮೂರು ಲೈನಿಗೂ ಮುಳ್ಳು ಮೇಲೇರಿತು. ಎರಡೆರಡು ಸಲ ನೋಡಿದೆ. ದೂರ ನಿಂತು ಸ್ವಿಚ್ ಹಾಕಿ, ಫರ್ನೇಸಿನ ಮೈಗೆ ಕರೆಂಟು ಬಂದಿದೆಯೇ ಎಂದು ಇನ್ನೊಂದು ಮೀಟರಿನಲ್ಲಿ ನೋಡಿದೆ. ಏನೂ ಇಲ್ಲ, ಶುದ್ಧ ಸೊನ್ನೆ.

ಪೆರಿಯವರ್ ಗಮ್‌ಬೂಟು ಹಾಕಿಕೊಂಡು ಒಂದು ಮಾರು ಹಿಂದೆ ನಿಂತಿದ್ದರು. ಹತ್ತಿರ ಬರಲಿಲ್ಲ. ನನ್ನನ್ನು ನೋಡಿ, ಬೈಯುವ ದನಿಯಲ್ಲೂ ಅಲ್ಲ, ಬೇಡುವ ದನಿಯಲ್ಲೂ ಅಲ್ಲ, ಹೇಳಿದರು: "ಮೊದಲು ನೀವು ಕೈ ಇಡಿ, ಅಮ್ಮಣಿ."

ಮೀಟರ್ ಸೊನ್ನೆ ಅಂದಿತ್ತು. ಅಷ್ಟು ಗೊತ್ತಿದ್ದೂ ನನ್ನ ಕೈ ಏಳಲಿಲ್ಲ. ಅಣ್ಣ ಆ ಕಡೆ ಮುಖ ತಿರುಗಿಸಿ ನಿಂತಿದ್ದರು. ಒಳಗೆ ಕಾಯಿಲುಗಳು ಕಾಯಲು ಶುರುವಾಗಿ ಸಣ್ಣಗೆ ಗುಂಯ್‌ಗುಡುತ್ತಿದ್ದವು.

ಚಪ್ಪಲಿ ಬಿಟ್ಟೆ. ಬರಿಗಾಲಲ್ಲಿ ಹೋಗಿ ಅಂಗೈ ಇಟ್ಟೆ.

ತಣ್ಣಗಿತ್ತು.

ಪೆರಿಯವರ್ ಬಂದು ನನ್ನ ಕೈಯ ಪಕ್ಕದಲ್ಲಿ ತಮ್ಮ ಕೈ ಇಟ್ಟರು, ಕಣ್ಣಿಗೊತ್ತಿಕೊಂಡು ಕೆಲಸಕ್ಕೆ ಹೋದರು. ನಾನು ಮಾತ್ರ ಕೈ ತೆಗೆಯಲಿಲ್ಲ. ಕಬ್ಬಿಣ ಮೆಲ್ಲಗೆ ಬೆಚ್ಚಗಾಗುವವರೆಗೂ ಹಾಗೇ ನಿಂತಿದ್ದೆ.